ಸ್ನ್ಯಾಪ್ ಕಾರ್ಡಿಗೆ ಬಿಸಿ ಊಟ ಯಾಕಿಲ್ಲ?

ಪ್ರಶ್ನೆ: ನಾನಿರುವುದು ಅಮೆರಿಕದ ಒಹಾಯೋದಲ್ಲಿ. ಶನಿವಾರ ದಿನಸಿ ಹಂಚಲು ಹೋಗುತ್ತೇನೆ. ನಿನ್ನೆ ಒಬ್ಬ ಅಜ್ಜಿ ಅಕ್ಕಿ ಚೀಲ ಕೈಗೆತ್ತಿಕೊಂಡು, ಸುಮ್ನೆ ವಾಪಸ್ ಇಟ್ಟರು. ಒಲೆ ಕೆಟ್ಟಿದೆಯಂತೆ. ಸ್ನ್ಯಾಪ್ ಕಾರ್ಡಿನಲ್ಲಿ (ಬಡವರು ಆಹಾರ ಕೊಳ್ಳಲು ಸರ್ಕಾರ ಕೊಡುವ ಕಾರ್ಡು) ಅಂಗಡಿಯ ಬಿಸಿ ಕೋಳಿ ಕೊಡಲ್ಲ, ತಣ್ಣಗಿದ್ದರೆ ಕೊಡುತ್ತಾರೆ. ಇದ್ಯಾವ ನ್ಯಾಯ?

ಉತ್ತರ: ಕಾನೂನೇ ಹಾಗಿದೆ, ಮನೆಯಲ್ಲಿ ಅಡುಗೆ ಮಾಡಿಕೊಳ್ಳುತ್ತಾರೆ ಅನ್ನೋ ಲೆಕ್ಕ. ಕೆಲವು ರಾಜ್ಯಗಳಲ್ಲಿ ಮಾತ್ರ ವಯಸ್ಸಾದವರು, ಅಂಗವಿಕಲರು, ಮನೆಯಿಲ್ಲದವರು ಇದೇ ಕಾರ್ಡಿನಲ್ಲಿ ಹೋಟೆಲ್ ಊಟ ಕೊಳ್ಳಬಹುದು. ನಿಮ್ಮಲ್ಲಿ ಇದೆಯಾ ವಿಚಾರಿಸಿ.

ಇನ್ನೊಂದು ಉತ್ತರ: ಅಜ್ಜಿಯ ವಯಸ್ಸೂ ಕೇಳಿ. 2025ರ ಕಾನೂನು ಸ್ನ್ಯಾಪ್ ಪಡೆಯಲು ಇರುವ ತಿಂಗಳಿಗೆ 80 ಗಂಟೆ ಕೆಲಸದ ಷರತ್ತಿನ ವಯಸ್ಸಿನ ಮಿತಿಯನ್ನು 54ರಿಂದ 64 ವರ್ಷಕ್ಕೆ ಎಳೆದಿದೆ. ಆರೋಗ್ಯ ಸರಿಯಿಲ್ಲದವರಿಗೆ ವಿನಾಯಿತಿ ಉಂಟು, ಆದರೆ ಕಾಗದ ಕೊಡಬೇಕಾಗಬಹುದು. ನನಗೆ ಹೊಟ್ಟೆ ಉರಿಯೋದು ಅಲ್ಲೇ.

ಪ್ರಶ್ನೆ ಕೇಳಿದವರು: ಅವರಿಗೆ 71. ಥ್ಯಾಂಕ್ಸ್. ಮುಂದಿನ ಶನಿವಾರ ನಮ್ಮನೆ ಕರೆಂಟ್ ಒಲೆ ಒಯ್ಯುತ್ತೇನೆ.