ಎಷ್ಟು ಟಿಎಂಸಿ, ಮಾಸ್ತರ?

ಬಾಗಲಕೋಟೆಯ ನವನಗರದಲ್ಲಿ ಚಹಾದಂಗಡಿ ಮುಂದೆ ಕುಳಿತರೆ ಮಾತು ಎಲ್ಲಿ ಶುರುವಾದರೂ ಆಲಮಟ್ಟಿ ಹಿನ್ನೀರಿಗೇ ಬಂದು ಬೀಳುತ್ತದೆ. ಅವತ್ತು ಅಮೆರಿಕದಿಂದ ಹೊರಟಿತ್ತು, ಅಷ್ಟೇ.

ಬಸುವಿನ ಅಳಿಯ ಶಿಕಾಗೋದಿಂದ ಫೋಟೋ ಕಳಿಸಿದ್ದ. ಕಣ್ಣು ಹಾಯಿಸಿದಷ್ಟೂ ನೀರು, ಆಚೆ ದಡವೇ ಇಲ್ಲ.

“ಸಮುದ್ರ ಅಲ್ವಾ ಇದು?” ಎಂದರು ಕಾಕಾ.

“ಸಿಹಿನೀರು ಕಾಕಾ, ಮಿಷಿಗನ್ ಸರೋವರ.” ಮಾಸ್ತರು ಗಿರಮಿಟ್ಟಿನ ಪ್ಲೇಟು ಪಕ್ಕಕ್ಕಿಟ್ಟರು. ಪ್ಲೇಟು ಪಕ್ಕಕ್ಕೆ ಹೋಯಿತೆಂದರೆ ಪಾಠ ಶುರು. “ಸುಪೀರಿಯರ್, ಮಿಷಿಗನ್, ಹ್ಯೂರಾನ್, ಈರಿ, ಒಂಟಾರಿಯೊ. ಐದೂ ಒಂದಕ್ಕೊಂದು ಕೂಡಿಕೊಂಡಿವೆ. ಈರಿಯ ನೀರು ಒಂಟಾರಿಯೊಗೆ ಇಳಿಯುವ ದಾರಿಯಲ್ಲೇ ನಯಾಗರಾ. ಹೆಚ್ಚುಕಡಿಮೆ ನಮ್ಮ ಗೋಳಗುಮ್ಮಟದಷ್ಟೇ ಎತ್ತರ, ಸುಮಾರು 51 ಮೀಟರ್.”

“ಡ್ಯಾಮ್ ಕಟ್ಟಿದವರು ಯಾರು?”

“ಯಾರೂ ಇಲ್ಲ. ಹಿಂದೆ ಅಲ್ಲೆಲ್ಲ ಕಿಲೋಮೀಟರ್‌ಗಟ್ಟಲೆ ದಪ್ಪದ ಮಂಜುಗಡ್ಡೆ ಇತ್ತು. ನಿಧಾನಕ್ಕೆ ಸರಿಯುತ್ತಾ ನೆಲ ಕೆರೆದು ತಗ್ಗು ಮಾಡಿತು. ಸುಮಾರು 14,000 ವರ್ಷದ ಹಿಂದೆ ಕರಗಿ ಹಿಂದೆ ಸರಿದಾಗ ತಗ್ಗಿನಲ್ಲಿ ನೀರು ನಿಂತಿತು.”

“ಹಂಗಾದ್ರೆ ಮುಳುಗಡೆ. ಪರಿಹಾರ ಎಷ್ಟು ಕೊಟ್ಟರು?”

ಕಾಕಾನ ಹಳೇ ಮನೆ ಇರುವುದು ಹಿನ್ನೀರಿನ ತಳದಲ್ಲಿ. ನೀರು ಕಂಡರೆ ಅವರಿಗೆ ಮೊದಲು ನೆನಪಾಗುವುದು ಪರಿಹಾರದ ಫೈಲು.

“ಮಂಜಿನ ಭಾರ ಇಳಿದಿದ್ದಕ್ಕೆ ಅಲ್ಲಿ ಕೆಲವು ಕಡೆ ನೆಲ ಇನ್ನೂ ಮೇಲೆ ಏಳುತ್ತಲೇ ಇದೆ ಕಾಕಾ.”

“ಪುಣ್ಯವಂತರು. ನಮ್ಮಲ್ಲಿ ಏಳೋದು ನೀರು ಮಾತ್ರ. ಒಟ್ಟು ಎಷ್ಟು ಟಿಎಂಸಿ?”

ಮಾಸ್ತರು ಮೊಬೈಲಿನಲ್ಲಿ ಗುಣಿಸಿದರು. ಮತ್ತೊಮ್ಮೆ ಗುಣಿಸಿದರು. “ಸುಪೀರಿಯರ್ ಒಂದರಲ್ಲೇ 4 ಲಕ್ಷ ಟಿಎಂಸಿಗಿಂತ ಜಾಸ್ತಿ.”

ಆಲಮಟ್ಟಿಯದು 123. ಸ್ವಲ್ಪ ಹೊತ್ತು ಯಾರೂ ಮಿರ್ಚಿಗೆ ಕೈ ಹಾಕಲಿಲ್ಲ.

“ಅಷ್ಟು ನೀರಿದ್ದ ಮೇಲೆ ಜಗಳ ಇರಲಿಕ್ಕಿಲ್ಲ ಬಿಡು,” ಎಂದ ಬಸು.

“ಇಲ್ಲದೆ ಏನು? ಸುತ್ತ ಅಮೆರಿಕದ 8 ರಾಜ್ಯ, ಕೆನಡಾದ 2 ಪ್ರಾಂತ್ಯ. ಶಿಕಾಗೋದವರ ಗಟಾರದ ನೀರು ನದಿ ಹಿಡಿದು ಅವರೇ ಕುಡಿಯುವ ಸರೋವರಕ್ಕೆ ಹೋಗುತ್ತಿತ್ತು. 1900ರಲ್ಲಿ ಕಾಲುವೆ ತೋಡಿ ನದಿಯನ್ನೇ ಉಲ್ಟಾ ಹರಿಸಿದರು. ಸರೋವರದ ನೀರೂ ಅದರ ಜೊತೆ ಹೊರಟಿತು. ಅಕ್ಕಪಕ್ಕದ ರಾಜ್ಯದವರು ಸುಪ್ರೀಂ ಕೋರ್ಟಿಗೆ ಹೋದರು. 1967ರಲ್ಲಿ ಕೋರ್ಟು 3,200 ಕ್ಯೂಸೆಕ್ ಅಂತ ಮಿತಿ ಹಾಕಿತು.”

“ಎಷ್ಟು?” ಕಾಕಾನ ಬಾಯಲ್ಲಿದ್ದ ಚಹಾ ಮೂಗಿಗೆ ಬಂತು. “ಮಳೆಗಾಲದಲ್ಲಿ ಆಲಮಟ್ಟಿಯಿಂದ ಲಕ್ಷಗಟ್ಟಲೆ ಕ್ಯೂಸೆಕ್ ಬಿಡುತ್ತಾರೆ. 3,200ಕ್ಕೆ ಕೋರ್ಟಾ?”

“ಆಲಮಟ್ಟಿ ಡ್ಯಾಮಿನ ಎತ್ತರ ಐದು ಮೀಟರೂ ಇಲ್ಲದಷ್ಟು ಏರಿಸಲಿಕ್ಕೆ ನಾವು ಇನ್ನೂ ಕೋರ್ಟು ತಿರುಗುತ್ತಿಲ್ವಾ?” ಎಂದೆ ನಾನು.

ಕಾಕಾ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. “ಬಸು, ಅಳಿಯನಿಗೆ ಫೋನ್ ಹಚ್ಚು. ಮನೆ ದಂಡೆಯಿಂದ ಎಷ್ಟು ದೂರ, ಉತಾರ ಯಾರ ಹೆಸರಲ್ಲಿದೆ ಕೇಳು.”

“ಬಾಡಿಗೆ ಮನೆ ಕಾಕಾ.”

“ಹಂಗಾದ್ರೆ ಪರಿಹಾರ ಮಾಲಕನಿಗೇ ಹೋಗುತ್ತದೆ. ಹುಡುಗ ಕೆಟ್ಟ.”