ಉಪವಾಸ, ಪುಸ್ತಕ, ಬೆನ್ನುಚೀಲ: ಮೂರನ್ನೂ ಒಟ್ಟಿಗೆ ಹೊರಬಹುದೇ?

ಪ್ರಶ್ನೆ:
ನನಗೆ ನಲವತ್ತೊಂದು ವರ್ಷ. ವರ್ಷಕ್ಕೆ ಎರಡು ಸಲ ಒಬ್ಬನೇ ಮೂರು ದಿನ ಕಾಡುದಾರಿಯಲ್ಲಿ ನಡೆಯುತ್ತೇನೆ. ಮೊಬೈಲ್ ಚೀಲದ ತಳದಲ್ಲಿ, ಪುಸ್ತಕ ಮೇಲಿನ ಜೇಬಿನಲ್ಲಿ. ಈ ಸಲ ಉಪವಾಸವನ್ನೂ ಸೇರಿಸಿದೆ, ಬರೀ ನೀರು. ಎರಡನೆಯ ಬೆಳಿಗ್ಗೆ ಬೂಟಿನ ದಾರ ಕಟ್ಟಿ ಎದ್ದವನಿಗೆ ಕಣ್ಣು ಕತ್ತಲಿಟ್ಟಿತು. ಮರವೊಂದನ್ನು ತಬ್ಬಿ ನಿಂತೆ. ಓದಿದ್ದು ಒಂದೇ ಪುಟ, ಅದೂ ನಾಲ್ಕು ಸಲ. ಮನಸ್ಸು ತಿಳಿಯಾಗುತ್ತದೆ ಎಂದು ಹೋದವನಿಗೆ ಸಿಕ್ಕಿದ್ದು ಸಿಡಿಮಿಡಿ. ತಪ್ಪಿದ್ದೆಲ್ಲಿ?

ಉತ್ತರ 1:
ಮರ ಹತ್ತಿರವಿತ್ತಲ್ಲ, ಪುಣ್ಯ! ಯಕೃತ್ತಿನಲ್ಲಿ ಶೇಖರವಾಗಿರುವ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟ ಸಕ್ಕರೆಯ ದಾಸ್ತಾನು, ಸುಮಾರು ಒಂದು ದಿನದ ಉಪವಾಸದಲ್ಲಿ ಬಹುಪಾಲು ಖರ್ಚಾಗುತ್ತದೆ. ಹೊರೆ ಹೊತ್ತು ಏರು ಹತ್ತಿದರೆ ಇನ್ನೂ ಬೇಗ. ಜೊತೆಗೆ ದೇಹ ಸೋಡಿಯಂ ಮತ್ತು ನೀರನ್ನು ಹೆಚ್ಚಾಗಿ ಹೊರಹಾಕುತ್ತದೆ. ಹಾಗಾಗಿ ಬಗ್ಗಿ ಥಟ್ಟನೆ ಎದ್ದಾಗ ರಕ್ತದೊತ್ತಡ ಕುಸಿದಿರಬಹುದು. ಬೆವರು ಸುರಿಯುವಾಗ ಲವಣವಿಲ್ಲದೆ ಅತಿಯಾಗಿ ನೀರು ಕುಡಿಯುವುದೂ ಅಪಾಯವೇ. ನಡೆಯುವ ದಿನ ಹೊಟ್ಟೆ ತುಂಬಾ ತಿನ್ನಿ. ಉಪವಾಸ ಮನೆಯಲ್ಲಿ, ಬಿಡುವಿನ ದಿನ.

ಉತ್ತರ 2:
ಇನ್ಸುಲಿನ್ ಅಥವಾ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಒಂಟಿಯಾಗಿ ಕಾಡಿನಲ್ಲಂತೂ ಬೇಡವೇ ಬೇಡ.

ಉತ್ತರ 3:
ಯಾವ ಪುಸ್ತಕ ಒಯ್ದಿದ್ದಿರಿ? ದಪ್ಪ ತತ್ತ್ವಶಾಸ್ತ್ರವಾದರೆ ತಪ್ಪು ಹಸಿವೆಯದ್ದಲ್ಲ. ನಾನು ಒಯ್ಯುವುದು ಮೊದಲೇ ಓದಿ ಮೆಚ್ಚಿದ ಕವಿತೆಗಳನ್ನು ಮಾತ್ರ.

ಪ್ರಶ್ನೆ ಕೇಳಿದವನು:
ಸಿಕ್ಕಿಬಿದ್ದೆ. ಆರುನೂರು ಪುಟದ ತತ್ತ್ವಶಾಸ್ತ್ರವೇ. ಚೀಲದಲ್ಲಿ ಅದರ ಜಾಗಕ್ಕೆ ಮುಂದಿನ ಸಲ ಊಟ ಹೋಗುತ್ತದೆ.