ಬೇವಿನ ಎಣ್ಣೆ ಹೊಡೆದರೂ ಬದನೆ ಎಲೆ ಜರಡಿ, ಮೇಲಿಂದ ಎಲೆಯೂ ಸುಟ್ಟಿದೆ

ಡೊಂಬಿವಲಿ_ಗ್ರಿಲ್:
ಎಲ್ಲರಿಗೂ ನಮಸ್ಕಾರ. ಕಿಟಕಿ ಗ್ರಿಲ್‌ನಲ್ಲಿ ಕುಂಡ ಇಟ್ಟಿದ್ದೇನೆ. ಉಡುಪಿಯಿಂದ ಬೀಜ ತಂದು ಬೆಳೆಸಿದ ಮಟ್ಟುಗುಳ್ಳ ಬದನೆ, ಜೊತೆಗೆ ಒಂದು ಕರಿಬೇವು. ಮಳೆ ನಿಂತ ಮೇಲೆ ಬದನೆ ಎಲೆಯನ್ನು ಯಾವುದೋ ಹುಳ ಕೆರೆದು ಬರೀ ನರ ಉಳಿಸುತ್ತಿದೆ. ಹಳದಿ ಬಣ್ಣ, ಮೈತುಂಬ ಮುಳ್ಳು. ಬೇವಿನ ಎಣ್ಣೆ ಲೀಟರಿಗೆ 10 ಎಂಎಲ್, ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ ಮಧ್ಯಾಹ್ನ ಹೊಡೆದೆ. ಹುಳ ಒಂದೂ ಸತ್ತಿಲ್ಲ, ಎಲೆ ಅಂಚು ಮಾತ್ರ ಕಂದು. ಕರಿಬೇವಿನಲ್ಲೂ ಹುಳ ಇದೆ, ಅದು ಬೇರೆ ಥರ.

ಥಾಣೆ_ಶೆಟ್ರು:
ಬಾಟಲಿ ಮೇಲೆ ಪಿಪಿಎಂ, ಅಂದರೆ ಔಷಧಿ ಅಂಶ ಎಷ್ಟಿದೆ ಅನ್ನುವ ಅಳತೆ, ಬರೆದಿದೆಯಾ ಮಾರಾಯ್ರೇ? ನೀರು ಯಾವುದು?

ಡೊಂಬಿವಲಿ_ಗ್ರಿಲ್:
ಪಿಪಿಎಂ ಏನೂ ಇಲ್ಲ. ತಿಳಿ ಹಳದಿ ಎಣ್ಣೆ, ವಾಸನೆಯೂ ಅಷ್ಟಿಲ್ಲ. ನೀರು ಸೊಸೈಟಿ ಬೋರ್‌ವೆಲ್‌ದು.

ಪುಣೆ_ಕುಂಡ:
ಹಾಗಾದರೆ ಅರ್ಧ ಉತ್ತರ ಸಿಕ್ಕಿತು. ಬೇವಿನಲ್ಲಿ ಮುಖ್ಯ ಕೆಲಸ ಮಾಡುವುದು ಅಜಾಡಿರಾಕ್ಟಿನ್. ಎಣ್ಣೆಯನ್ನು ಶುದ್ಧ ಮಾಡುವಾಗ ಅದನ್ನು ತೆಗೆದುಬಿಟ್ಟಿರಬಹುದು, ಉಳಿದದ್ದು ಬರೀ ಕೊಬ್ಬು. ಅದು ಹಿಟ್ಟು ತಿಗಣೆ, ಗಿಡಹೇನಿನಂಥ ಮೆತ್ತನೆ ಕೀಟಗಳನ್ನು ಉಸಿರುಗಟ್ಟಿಸುತ್ತದೆ, ಎಲೆ ತಿನ್ನುವ ಹುಳಕ್ಕೆ ಅಷ್ಟಾಗಿ ತಾಗುವುದಿಲ್ಲ. 1500 ಅಥವಾ 3000 ಪಿಪಿಎಂ ಅಂತ ಬರೆದಿರುವುದನ್ನೇ ಕೇಳಿ ತೆಗೆದುಕೊಳ್ಳಿ.

ಇನ್ನೊಂದು, ಸತ್ತ ಹುಳ ಹುಡುಕಬೇಡಿ! ಇದು ಹೊಡೆದ ತಕ್ಷಣ ಬೀಳಿಸುವ ವಿಷ ಅಲ್ಲ. ಹುಳಕ್ಕೆ ಎಲೆ ಬೇಡವಾಗುತ್ತದೆ, ಮತ್ತೆ ಪೊರೆ ಕಳಚುವ ಹಾರ್ಮೋನು ಸರಿಯಾಗಿ ಬಿಡುಗಡೆಯಾಗದೆ ಮರಿಹುಳ ಮುಂದಿನ ಹಂತಕ್ಕೆ ಹೋಗಲಾರದೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. 1959ರಲ್ಲಿ ಸುಡಾನಿನಲ್ಲಿ ಮಿಡತೆ ದಂಡು ಎಲ್ಲ ಹಸಿರನ್ನೂ ಬೋಳಿಸಿ ಬೇವಿನ ಮರಗಳನ್ನು ಬಿಟ್ಟು ಹೋಗಿದ್ದನ್ನು ಶ್ಮುಟರರ್ ಎಂಬ ಜರ್ಮನ್ ಕೀಟತಜ್ಞ ಗಮನಿಸಿದ. 1968ರಲ್ಲಿ ಈ ವಸ್ತುವನ್ನು ಬೇರ್ಪಡಿಸಿದ್ದು ಕೂಡ ಮಿಡತೆ ಯಾವುದನ್ನು ತಿನ್ನುವುದಿಲ್ಲ ಅಂತ ನೋಡುತ್ತಾ ಹೋಗಿಯೇ. ಹಾಗಾಗಿ ಹೊಸ ಚಿಗುರಿಗೆ ತೂತು ಬೀಳುತ್ತಿದೆಯೋ ಇಲ್ಲವೋ, ಅದನ್ನು ನೋಡಿ.

ಥಾಣೆ_ಶೆಟ್ರು:
ಎಲೆ ಸುಟ್ಟಿದ್ದಕ್ಕೆ ಬಿಸಿಲು ಮತ್ತು ಜಾಸ್ತಿ ಡೋಸು ಕಾರಣ. 3ರಿಂದ 5 ಎಂಎಲ್ ಸಾಕು, ಸೋಪು ಎಣ್ಣೆ ನೀರಲ್ಲಿ ಕರಗುವಷ್ಟೇ. ಸಂಜೆ ಹೊತ್ತು ಎಲೆ ಅಡಿಗೆ ಹೊಡೆಯಿರಿ, ಬಿಸಿಲಿಗೆ ಅಜಾಡಿರಾಕ್ಟಿನ್ ಬೇಗ ಹಾಳಾಗುತ್ತದೆ. ಕ್ಷಾರ ಜಾಸ್ತಿ ಇರುವ ನೀರಲ್ಲೂ ಹಾಗೇ. ಬೋರ್‌ವೆಲ್ ಬೇಡ, ಮುನ್ಸಿಪಾಲಿಟಿ ನಳದ ನೀರು ಬಳಸಿ, ಕಲಸಿದ್ದನ್ನು ಅವತ್ತೇ ಮುಗಿಸಿ. ಊರಿಂದ ಬೇವಿನ ಬೀಜ ಸಿಕ್ಕರೆ ಇನ್ನೂ ಒಳ್ಳೆಯದು. 50 ಗ್ರಾಂ ತಿರುಳು ಕುಟ್ಟಿ ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ ಬಟ್ಟೆಯಲ್ಲಿ ಸೋಸಿ ಹೊಡೆಯಿರಿ. ದುಡ್ಡಿಲ್ಲದ ಔಷಧಿ.

ಡೊಂಬಿವಲಿ_ಗ್ರಿಲ್:
ಸರಿ ಶೆಟ್ರೇ. ಕರಿಬೇವಿಗೂ ಇದೇನಾ?

ಪುಣೆ_ಕುಂಡ:
ಅದು ನಿಂಬೆ ಚಿಟ್ಟೆಯ ಮರಿ ಇರಬೇಕು. ಸಣ್ಣದಿರುವಾಗ ಹಕ್ಕಿ ಹಿಕ್ಕೆ ಥರ, ದೊಡ್ಡದಾದರೆ ಹಸಿರು, ಅಲ್ವಾ? ಕರಿಬೇವು ನಿಂಬೆಯ ಕುಟುಂಬದ್ದೇ. ಎಲೆಯಲ್ಲಿರುವ ಯಾವ ರಾಸಾಯನಿಕ ಬೇರೆ ಕೀಟಗಳನ್ನು ದೂರ ಇಡುತ್ತದೋ ಅದೇ ಈ ಚಿಟ್ಟೆಗೆ ಇಲ್ಲಿ ಮೊಟ್ಟೆ ಇಡು ಅನ್ನುವ ಸೂಚನೆ. ಕೈಯಿಂದ ಆರಿಸಿ ತೆಗೆದರೆ ಸಾಕು. ಬೇವು ಹೊಡೆದ ಸೊಪ್ಪು ಒಗ್ಗರಣೆಗೆ ಕಹಿ.

ವಾಶಿ_ಅಕ್ಕ:
ಸುಮ್ನೆ ಒಂದು ಮಾತು. ಹೇಗೂ ಬೇವು ತರುತ್ತೀರಿ ಅಂತ ಹಿಂಡಿಯನ್ನೂ ತಂದು ಎಳೆ ಸಸಿಯ ಬುಡಕ್ಕೆ ಮುಷ್ಟಿಗಟ್ಟಲೆ ಸುರಿಯಬೇಡಿ, ಮಣ್ಣಲ್ಲಿ ಕೊಳೆಯುವಾಗ ಬೇರಿಗೆ ತೊಂದರೆ. ಬೇವು ಮಣ್ಣಿನಲ್ಲಿ ಸಾರಜನಕ ಗಿಡಕ್ಕೆ ಬೇಗ ಸಿಗುವ ನೈಟ್ರೇಟ್ ಆಗುವುದನ್ನೂ ನಿಧಾನ ಮಾಡುತ್ತದೆ, 2015ರಿಂದ ನಮ್ಮಲ್ಲಿ ಯೂರಿಯಾಗೆ ಬೇವಿನ ಲೇಪ ಕಡ್ಡಾಯ ಮಾಡಿದ್ದು ಅದಕ್ಕೇ. ದೊಡ್ಡ ಕುಂಡಕ್ಕೆ ಒಂದು ಹಿಡಿ, ಅದೂ ಗಿಡ ನೆಡುವ ಎರಡು ವಾರ ಮೊದಲು ಮಣ್ಣಿಗೆ ಬೆರೆಸಿ. ಈಗಿರುವ ಗುಳ್ಳಕ್ಕೆ ಹಿಂಡಿ ಬೇಡವೇ ಬೇಡ. ಹುಳ ತುಂಬಿದ ಎಲೆಗಳನ್ನು ಕಿತ್ತು ಚೀಲಕ್ಕೆ ಕಟ್ಟಿ ಬಿಸಾಡಿ, ಆಮೇಲೆ ಸಿಂಪಡಣೆ.